ಹೋಮ್ಸ್ ಸರಣಿಯ ರುಚಿ ಹತ್ತಬೇಕಾದರೆ: ಕೊಪ್ಪಳದ ಓದುಗನೊಬ್ಬನ ಅನುಭವ

ಆರ್ಥರ್ ಕಾನನ್ ಡಾಯ್ಲ್ ಬರೆದ, ಲಂಡನ್ನಿನ ಪತ್ತೇದಾರ ಷರ್ಲಾಕ್ ಹೋಮ್ಸನ ಸರಣಿಯಲ್ಲಿ ಇರುವುದು 4 ಕಾದಂಬರಿ, 56 ಸಣ್ಣ ಕತೆ. ಮೊದಲು ಬಂದದ್ದನ್ನೇ ಮೊದಲು ಓದಬೇಕು ಅನ್ನುವ ಶಿಸ್ತಿನವರು 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಹಿಡಿದು ಕೂರುತ್ತಾರೆ, ಅರ್ಧಕ್ಕೆ ಬಿಡುತ್ತಾರೆ. ಬಿಡುವ ಜಾಗವೂ ಹೆಚ್ಚುಕಡಿಮೆ ಒಂದೇ. ಆ ಪುಸ್ತಕದಲ್ಲಿ ಎರಡು ಭಾಗ, ಒಂದೊಂದರಲ್ಲಿ 7 ಅಧ್ಯಾಯ. ಮೊದಲ ಭಾಗದ ಕೊನೆಗೆ ಅಪರಾಧಿಯ ಕೈಗೆ ಕೋಳ ಬಿದ್ದಾಯಿತು. ಪುಟ ತಿರುವಿದರೆ ಲಂಡನ್ನೂ ಇಲ್ಲ, ಹೋಮ್ಸನೂ ಇಲ್ಲ. ಅಮೆರಿಕದ ಯೂಟಾ ಕಡೆಯ ಬೆಂಗಾಡು, ಹೊಸ ಜನ, ಹಳೇ ದ್ವೇಷ, ಅದೂ ಐದು ಅಧ್ಯಾಯ. ಬೇರೆ ಪುಸ್ತಕದ ಹಾಳೆ ಸೇರಿ ಹೊಲಿಗೆ ಬಿದ್ದಿದೆಯೇನೋ ಅನಿಸುತ್ತದೆ. ಹೋಮ್ಸನ ಗುರುತು ಚೆನ್ನಾಗಿ ಆದಮೇಲೆ ಓದಿದರೆ ಅದೇ ಭಾಗ ಬೇಜಾರಿಲ್ಲದೆ ಸಾಗುತ್ತದೆ.

ಅದಕ್ಕೇ ನಾನು ಯಾರಿಗೇ ಹೇಳಿದರೂ ‘ರೆಡ್ ಹೆಡೆಡ್ ಲೀಗ್’ನಿಂದ ಶುರು ಮಾಡಿ ಅನ್ನುತ್ತೇನೆ. ಕೆಂಗೂದಲಿನ ಒಬ್ಬ ಗಿರವಿ ಅಂಗಡಿಯವ. ದಿನಾ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಕೂತು ವಿಶ್ವಕೋಶ ನಕಲು ಮಾಡುವುದು, ವಾರಕ್ಕೆ 4 ಪೌಂಡ್ ಪಡೆಯುವುದು, ಇಷ್ಟೇ ಅವನ ಕೆಲಸ. ಹೆಣ ಬೀಳುವುದಿಲ್ಲ, ರಕ್ತ ಕಾಣುವುದಿಲ್ಲ, ಆದರೂ ಇದರಲ್ಲೇನೋ ಮಸಲತ್ತಿದೆ ಎಂದು ಓದುವವನಿಗೆ ಗೊತ್ತಾಗುತ್ತಲೇ ಇರುತ್ತದೆ. ಇದಾದಮೇಲೆ ‘ಸ್ಪೆಕಲ್ಡ್ ಬ್ಯಾಂಡ್’, ‘ಸಿಲ್ವರ್ ಬ್ಲೇಜ್’. ಆಮೇಲೆ 1892ರಲ್ಲಿ ಪುಸ್ತಕವಾದ ‘ಅಡ್ವೆಂಚರ್ಸ್’ ಸಂಕಲನದ ಉಳಿದ ಕತೆಗಳು; ಅದರಲ್ಲಿರುವುದು ಒಟ್ಟು 12. ಅಲ್ಲಿಂದ ‘ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್’ಗೆ ಹೋದರೆ ಕೈ ತಾನಾಗೇ ಪುಟ ತಿರುವುತ್ತದೆ.

ಒಂದು ತೊಡಕು ನಮ್ಮ ಕಡೆಯವರಿಗೇ ವಿಶೇಷ. ಎನ್. ನರಸಿಂಹಯ್ಯನವರ ಕನ್ನಡ ಪತ್ತೇದಾರಿ ಕಾದಂಬರಿಗಳ ಪುರುಷೋತ್ತಮ, ಮಧುಸೂದನ, ಅರಿಂಜಯರ ಜೊತೆ ಓಡಿದ ಕಣ್ಣಿಗೆ ವೇಗ ಬೇಕು. ಹೋಮ್ಸ್ ಕತೆಯ ಮೊದಲ ನಾಲ್ಕೈದು ಪುಟ ಕುರ್ಚಿಯಲ್ಲಿ ಕೂತ ಮಾತುಕತೆ. ಆ ಪುಟಗಳನ್ನು ಹಾರಿಸಿದಿರೋ ಸರಣಿಯ ಸತ್ವವನ್ನೇ ಹಾರಿಸಿದಂತೆ. ಗಿರವಿ ಅಂಗಡಿಯವನ ಬಲಗೈ ಅಂಗಿಯ ತೋಳಿನ ತುದಿ 5 ಅಂಗುಲದಷ್ಟು ಸವೆದು ಮಿನುಗುತ್ತಿದೆ, ಎಡ ತೋಳು ಮೊಳಕೈ ಹತ್ತಿರ ನುಣುಪಾಗಿದೆ. ಈಚೆಗೆ ಬಹಳ ಬರೆಯುತ್ತಿದ್ದಾನೆ ಎಂದು ಹೋಮ್ಸ್ ಹೇಳುವುದು ಇಷ್ಟರಿಂದಲೇ. ಕನ್ನಡ ಅನುವಾದ ತರುವಾಗ ಇದೇ ಒರೆಗಲ್ಲು: ಈ ತೋಳಿನ ಮಾತು ಇದೆಯೇ ನೋಡಿ. ಇಲ್ಲದಿದ್ದರೆ ಅದು ಸಂಗ್ರಹಾನುವಾದ, ಮುಖಪುಟದ ಮೇಲೆ ಏನೇ ಇರಲಿ. ಗ್ರಂಥಾಲಯದಲ್ಲಿ ಹುಡುಕುವಾಗ ಕಾದಂಬರಿ ಕಪಾಟಿನಲ್ಲಿ ಸಿಗದಿದ್ದರೆ ಮಕ್ಕಳ ವಿಭಾಗವನ್ನೂ ನೋಡಿ. ಎಷ್ಟೋ ಸಲ ಅಲ್ಲಿ ಸೇರಿಕೊಂಡಿರುತ್ತದೆ. ಇಂಗ್ಲಿಷ್ ಓದುವವರಿಗೆ ಖರ್ಚೇ ಇಲ್ಲ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ, ಭಾರತದಲ್ಲಿ ಹಕ್ಕುಸ್ವಾಮ್ಯ ಮುಗಿದು ದಶಕಗಳಾಗಿವೆ. ಪುಕ್ಕಟೆ ಪುಸ್ತಕ ಕೊಡುವ ಪ್ರಾಜೆಕ್ಟ್ ಗುಟನ್‌ಬರ್ಗ್ ಜಾಲತಾಣದಿಂದ ಫೋನಿಗೇ ಇಳಿಸಿಕೊಳ್ಳಬಹುದು. ಮುನ್ನುಡಿ ಮಾತ್ರ ಕೊನೆಗೆ ಓದಿ, ಕಳ್ಳನ ಹೆಸರನ್ನು ಅಲ್ಲೇ ಹೇಳಿಬಿಡುವ ಮುನ್ನುಡಿಗಳಿವೆ.

ಇನ್ನು ಓದುವ ಕ್ರಮ. 200 ಪುಟದ ಗೆರೆ ನೋಟ್‌ಬುಕ್ ಸಾಕು, ಕತೆಗೆ ಎದುರುಬದುರು ಎರಡು ಪುಟ. ಎಡಪುಟದಲ್ಲಿ ನಾಲ್ಕು ಕಾಲಂ: ಯಾರು, ಏನು ಹೇಳಿದರು, ಯಾವ ದಿನ ಯಾವ ಹೊತ್ತು, ಅದನ್ನು ಕತೆ ಹೇಳುವ, ಹೋಮ್ಸನ ಗೆಳೆಯ ವಾಟ್ಸನ್ ಕಣ್ಣಾರೆ ಕಂಡದ್ದೋ ಕಿವಿಯಿಂದ ಕೇಳಿದ್ದೋ. ಕೊನೇ ಕಾಲಂ ಬಿಡಬೇಡಿ. ಕಕ್ಷಿದಾರ ಹೋಮ್ಸನ ಮನೆಯಿರುವ ಬೇಕರ್ ಸ್ಟ್ರೀಟಿಗೆ ಬಂದು ಹೇಳುವುದೆಲ್ಲ ಕೇಳಿದ್ದರ ಲೆಕ್ಕಕ್ಕೆ, ಹೋಮ್ಸ್ ಜಾಗಕ್ಕೆ ಹೋದಮೇಲಿನದು ಕಂಡದ್ದರ ಲೆಕ್ಕಕ್ಕೆ. ಎರಡಕ್ಕೂ ತಾಳೆಯಾಗದ ಕಡೆ ಪೆನ್ಸಿಲಿನಿಂದ ದುಂಡಗೆ ಸುತ್ತು ಹಾಕಿ. ಬಲಪುಟದಲ್ಲಿ ಪ್ರಶ್ನೆ ಮಾತ್ರ, ಉತ್ತರ ಬೇಡ. ‘ಬೇರೆಯವರು ಪೂರ್ತಿ ಸಂಬಳ ಕೇಳುವಾಗ ಗಿರವಿ ಅಂಗಡಿಯ ಈ ಆಳು ಅರ್ಧ ಸಂಬಳಕ್ಕೆ ಯಾಕೆ ಬಂದ?’ ಇಂಥವು.

ನಿಲ್ಲಿಸುವ ಜಾಗವನ್ನು ಹೋಮ್ಸನೇ ತೋರಿಸುತ್ತಾನೆ. ‘ರೆಡ್ ಹೆಡೆಡ್ ಲೀಗ್’ನಲ್ಲಿ ಇದು ಮೂರು ಪೈಪು ಸೇದುವಷ್ಟು ಹೊತ್ತಿನ ಸಮಸ್ಯೆ, 50 ನಿಮಿಷ ಮಾತಾಡಿಸಬೇಡ ಅನ್ನುತ್ತಾನಲ್ಲ, ಅಲ್ಲಿ ನೀವೂ ಪುಸ್ತಕ ಮುಚ್ಚಿ. ಬೇರೆ ಕತೆಗಳಲ್ಲಿ ಅವನು ಒಬ್ಬನೇ ಹೊರಗೆ ಹೋದಾಗ, ಇಲ್ಲವೇ ಒಳಗೇನಿದೆ ಎಂದು ತೋರಿಸದೆ ತಂತಿ ಕಳಿಸಿದಾಗ ನಿಲ್ಲಿಸಬಹುದು. ಆದರೆ ಗೆಲ್ಲಲೇಬೇಕೆಂದು ಹಟ ಬೇಡ. ಆ ತಂತಿಯಲ್ಲೇ ಮುಖ್ಯ ಸುಳಿವು ಇರುತ್ತದೆ, ಅದು ನಮ್ಮ ಕೈಗೆ ಸಿಗುವುದು ಎಲ್ಲ ಮುಗಿದಮೇಲೆ. ಓದುಗನ ಮುಂದೆ ಎಲ್ಲ ಸುಳಿವೂ ಇಟ್ಟು ಆಡುವ ಆಟ ಪತ್ತೇದಾರಿ ಸಾಹಿತ್ಯದಲ್ಲಿ ನೆಲೆಯೂರಿದ್ದು ಇದಾದಮೇಲೆ. ಹೋಮ್ಸನ ಹತ್ತಿರ ಕಲಿಯುವುದು ನೋಡುವುದನ್ನು.

‘ಸಿಲ್ವರ್ ಬ್ಲೇಜ್’ ಅನ್ನು ಕೊಪ್ಪಳದಿಂದ ಬಳ್ಳಾರಿಗೆ ಹೋಗುವ ರೈಲಿನಲ್ಲಿ ಓದಿ. ಒಂದು ಕತೆ 25 ಪುಟದ ಆಸುಪಾಸು; ಗಿಣಿಗೇರಾ, ಮುನಿರಾಬಾದ್ ದಾಟಿ ಹೊಸಪೇಟೆಯೂ ಕಳೆದು ತೋರಣಗಲ್ಲು ಬರುವಷ್ಟರಲ್ಲಿ ನಿಧಾನವಾಗಿ ಓದಿದರೂ ಮುಗಿಯುತ್ತದೆ. ಕತೆಯ ಶುರುವಿನಲ್ಲಿ ಹೋಮ್ಸ್ ಕಿಟಕಿಯಾಚೆ ನೋಡಿ, ರೈಲು ಗಂಟೆಗೆ 53½ ಮೈಲಿ ವೇಗದಲ್ಲಿದೆ, ತಂತಿಕಂಬಗಳ ನಡುವೆ 60 ಗಜ, ಲೆಕ್ಕ ಸುಲಭ ಅನ್ನುತ್ತಾನೆ. ಮಾಡಿ ನೋಡಿ. ಆ ವೇಗಕ್ಕೆ ನಿಮಿಷಕ್ಕೆ 26 ಕಂಬ ದಾಟುತ್ತವೆ. ಎರಡು ನಿಮಿಷ ಎಣಿಸಿ 52 ಬಂದರೆ 53 ಮೈಲಿಗಿಂತ ತುಸು ಹೆಚ್ಚು. ಹಾಗಾದರೆ ಆ ಅರ್ಧ ಮೈಲಿ ಹಿಡಿಯಲು ಇನ್ನೂ ಹೊತ್ತು ಎಣಿಸಿರಬೇಕು, ಅದೂ ವಾಟ್ಸನ್ ಜೊತೆ ಮಾತಾಡುತ್ತಾ! ನಮ್ಮಲ್ಲಿ ಇನ್ನೂ ಸಲೀಸು. ಹಳಿ ಪಕ್ಕದ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಹಿಡಿದ ಸೆಕೆಂಡುಗಳಿಂದ 3600 ಅನ್ನು ಭಾಗಿಸಿ. 45 ಸೆಕೆಂಡಾದರೆ ಗಂಟೆಗೆ 80 ಕಿ.ಮೀ.

ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ದುಡ್ಡಿನ ಲೆಕ್ಕ ಬರೆದಿಟ್ಟುಕೊಳ್ಳಿ: 12 ಪೆನ್ಸಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್, ಗಿನಿ ಅಂದರೆ 21 ಶಿಲಿಂಗ್, ಸಾವರಿನ್ ಅಂದರೆ ಒಂದು ಪೌಂಡಿನ ಚಿನ್ನದ ನಾಣ್ಯ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟಿಷ್ ಇಂಡಿಯಾದ ರೂಪಾಯಿ 1 ಶಿಲಿಂಗ್ 4 ಪೆನ್ಸಿಗೆ ನಿಂತಿತು, ಅಂದರೆ ಪೌಂಡಿಗೆ 15 ರೂಪಾಯಿ. ಕೆಂಗೂದಲಿನವನ ವಾರದ ಪಗಾರ ಆ ದರದಲ್ಲಿ 60 ರೂಪಾಯಿ. (ಈ ರೂಪಾಯಿ ಬಳ್ಳಾರಿ ಸೀಮೆಯದು. ತುಂಗಭದ್ರೆಯ ಈಚೆಗೆ ನಾವು ನಿಜಾಮನ ರಾಜ್ಯ, ಇಲ್ಲಿ ಓಡುತ್ತಿದ್ದದ್ದು ನಿಜಾಮನದೇ ರೂಪಾಯಿ, ಹಾಲಿ ಸಿಕ್ಕಾ.) ಇಷ್ಟು ಗೊತ್ತಿದ್ದರೆ, ನಾಲ್ಕು ತಾಸಿನ ನಕಲು ಕೆಲಸಕ್ಕೆ ಅಷ್ಟು ದುಡ್ಡು ಯಾರು ಕೊಟ್ಟಾರು ಎಂಬ ಅನುಮಾನ ತಾನೇ ಏಳುತ್ತದೆ.

ಒಂದೇ ಪಟ್ಟಿಗೆ ಹತ್ತು ಕತೆ ಓದಿದರೆ ಸರಣಿ ಸಪ್ಪೆಯಾಗುತ್ತದೆ. ಇವು 1891ರ ಜುಲೈನಿಂದ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ತಿಂಗಳಿಗೊಂದರಂತೆ ಬಂದವು. ಒಟ್ಟಿಗೆ ಓದಿದಾಗ ಕಕ್ಷಿದಾರನ ಆಗಮನ, ಅವನ ಕಸುಬು ಹೇಳುವ ಚಮತ್ಕಾರ, ಸ್ಥಳ ಪರೀಕ್ಷೆ, ಕೊನೆಗೆ ವಿವರಣೆ ಎಂಬ ಅಚ್ಚು ಎದ್ದು ಕಾಣುತ್ತದೆ. ವಾರಕ್ಕೆ ಎರಡು ಸಾಕು. ಬೇಸಿಗೆಯಲ್ಲಿ ರಾತ್ರಿ ಮಾಳಿಗೆ ಮೇಲೆ ಒಬ್ಬರು ಓದಿ ಉಳಿದವರು ಕೇಳುವುದಾದರೆ ಒಂದು ಕತೆಗೆ ಒಂದು ತಾಸು ಹಿಡಿಯಿರಿ.

ಅಕ್ಕರೆ ಹುಟ್ಟುವುದು ಎರಡನೇ ಓದಿನಲ್ಲಿ. ಕಳ್ಳ ಯಾರೆಂದು ಗೊತ್ತಿರುವುದರಿಂದ ಕಣ್ಣು ವಾಟ್ಸನ್ ಮೇಲೆ ಬೀಳುತ್ತದೆ, ಅವನ ಲೆಕ್ಕದ ಎಡವಟ್ಟುಗಳು ಒಂದೊಂದೇ ಸಿಗುತ್ತವೆ. ಕೆಂಗೂದಲಿನವನ ಕೈಯ ಜಾಹೀರಾತಿನ ತಾರೀಖು 1890ರ ಏಪ್ರಿಲ್ 27, ಅವನಿಗೆ ನಕಲು ಕೆಲಸ ಕೊಟ್ಟ ಸಂಘ (ಅದೇ ಆ ‘ಲೀಗ್’) ಬರಖಾಸ್ತಾದ ಬೋರ್ಡಿನ ಮೇಲೆ ಅಕ್ಟೋಬರ್ 9. ಅವನು ದುಡಿದದ್ದು ಮಾತ್ರ 8 ವಾರ. ಮೊದಲ ಕಾದಂಬರಿಯಲ್ಲಿ ಅಫ್ಘಾನಿಸ್ತಾನದ ಮೈವಂದ್ ಕದನದ ಗುಂಡು ವಾಟ್ಸನ್ನನ ಭುಜಕ್ಕೆ, ಎರಡನೆಯದರಲ್ಲಿ ಗಾಯ ಕಾಲಿನಲ್ಲಿ. ಹೆಸರು ಜಾನ್, ಒಂದು ಕತೆಯಲ್ಲಿ ಹೆಂಡತಿಯೇ ಜೇಮ್ಸ್ ಅನ್ನುತ್ತಾಳೆ. ಇವನ್ನು ಹುಡುಕಿ ಜಗಳಾಡುವುದೇ ಹೋಮ್ಸ್ ಓದುಗರಿಗೆ ಅರ್ಧ ಸುಖ.

ಎಲ್ಲವನ್ನೂ ನಕ್ಕು ಬಿಡಲಾಗದು. 1890ರ ‘ಸೈನ್ ಆಫ್ ಫೋರ್’ನಲ್ಲಿ ಆಗ್ರಾದ ಸಿಖ್ ಸಿಪಾಯಿಗೆ ಅಬ್ದುಲ್ಲಾ ಖಾನ್ ಎಂದು ಹೆಸರಿಟ್ಟದ್ದು ತಮಾಷೆ, ಅಂಡಮಾನಿನವರನ್ನು ನರಭಕ್ಷಕರೆಂದು ಚಿತ್ರಿಸಿದ್ದು ತಮಾಷೆಯಲ್ಲ, ಶುದ್ಧ ಸುಳ್ಳು. ಮಕ್ಕಳಿಗೆ ಓದಿ ಹೇಳುವವರು ಅಲ್ಲಿ ನಿಂತು ಹಾಗೆಂದು ಹೇಳಿಯೇ ಮುಂದೆ ಹೋಗಬೇಕು.

‘ಫೈನಲ್ ಪ್ರಾಬ್ಲಮ್’ ಮತ್ತು ‘ಎಂಪ್ಟಿ ಹೌಸ್’ ಬೆನ್ನಿಗೆ ಬೆನ್ನು ಓದಿ. ‘ವ್ಯಾಲಿ ಆಫ್ ಫಿಯರ್’ ಇವೆರಡರ ನಂತರ ಬರಲಿ. ಹೋಮ್ಸನ ಬದ್ಧವೈರಿ ಮೊರಿಯಾರ್ಟಿಯ ಹೆಸರೇ ಕೇಳಿಲ್ಲ ಎಂದು ‘ಫೈನಲ್ ಪ್ರಾಬ್ಲಮ್’ನಲ್ಲಿ ಹೇಳುವ ವಾಟ್ಸನ್, ಅದಕ್ಕೂ ಹಿಂದಿನ ಕಾಲದ ಈ ಕಾದಂಬರಿಯಲ್ಲಿ ಅವನ ಬಗ್ಗೆ ಬಲ್ಲವನಂತೆ ಮಾತಾಡುತ್ತಾನೆ. 1927ರ ‘ಕೇಸ್ ಬುಕ್’ ಸಂಕಲನ ಸೊರಗಿದ್ದು, ‘ಮಜರಿನ್ ಸ್ಟೋನ್’ ಬಿಟ್ಟರೂ ನಷ್ಟವಿಲ್ಲ. ಅದರ ಕತೆಗಳನ್ನು ಮುಗಿಸಿ, 1914ರ ಆಗಸ್ಟ್ 2ರ ರಾತ್ರಿ ನಡೆಯುವ ‘ಹಿಸ್ ಲಾಸ್ಟ್ ಬೋ’ ಕತೆಯನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರಕಟಣೆಯಲ್ಲಿ ಅದು ಮೊದಲು ಬಂದರೂ ಹೋಮ್ಸನ ಆಯುಷ್ಯದಲ್ಲಿ ಕಡೆಯದು ಅದೇ.