ಅಮೆರಿಕದ ಶಾಲೆಯಲ್ಲಿ ಪಾಲಕರ ಸಂಘದ ಬೈಲಾ ತಿದ್ದುವುದು: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

ಚಿತ್ತಾಪುರ, ಔರಾದ್, ಸುರಪುರದ ಕಡೆ ಎಸ್‌ಡಿಎಂಸಿ ಸಭೆ ಕಂಡವರಿಗೆ ಠರಾವು ಪಾಸಾಗುವ ರೀತಿ ಗೊತ್ತೇ ಇದೆ. ಅಧ್ಯಕ್ಷರು ‘ಎಲ್ಲಾರ್ದೂ ಒಪ್ಪಿಗಿ ಅದನ್ರಿ?’ ಅಂತಾರೆ, ಮುಂದೆ ಕೂತವರು ‘ಹೌದ್ರಿ’ ಅಂತಾರೆ, ನಡಾವಳಿ ಪುಸ್ತಕಕ್ಕೆ ಸಹಿ ಬೀಳುತ್ತದೆ. ಅಮೆರಿಕದ ಶಾಲೆಗಳ ಪಾಲಕರ ಸಂಘದಲ್ಲೂ ಯಾರ ತಕರಾರೂ ಇಲ್ಲದ ಸಣ್ಣ ಕೆಲಸಕ್ಕೆ ಇಷ್ಟೇ ಸಾಕು. ಬೈಲಾ ತಿದ್ದುಪಡಿಗೆ ಮಾತ್ರ ಸಾಲದು. ಅಲ್ಲಿ ಸಭೆಗಿಂತ ಮೊದಲು ಕಳಿಸಿದ ನೋಟಿಸೇ ಅರ್ಧ ಕೆಲಸ.

ಮೊದಲು ನಿಮ್ಮದು ಪಿಟಿಎಯೋ (ಪೇರೆಂಟ್ ಟೀಚರ್ ಅಸೋಸಿಯೇಷನ್) ಪಿಟಿಒಯೋ (ಪೇರೆಂಟ್ ಟೀಚರ್ ಆರ್ಗನೈಸೇಷನ್) ಕೇಳಿಕೊಳ್ಳಿ. ಪಿಟಿಎ 1897ರಲ್ಲಿ ವಾಷಿಂಗ್ಟನ್‌ನಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆಯ ಘಟಕ. ಬೈಲಾದ ಕೆಲವು ಕಲಮುಗಳನ್ನು ಘಟಕ ಮುಟ್ಟುವಂತಿಲ್ಲ, ಉಳಿದ ತಿದ್ದುಪಡಿಗೂ ರಾಜ್ಯ ಪಿಟಿಎ ಒಪ್ಪಿಗೆ ಬೇಕು. ನಮ್ಮ ಸಹಕಾರ ಸಂಘಗಳ ಬೈಲಾ ತಿದ್ದುಪಡಿ ನಿಬಂಧಕರಲ್ಲಿ ನೋಂದಣಿಯಾಗಬೇಕಲ್ಲ, ಹಾಗೆ. ಪಿಟಿಒ ಸ್ವತಂತ್ರ ಸಂಘ. ಅದಕ್ಕೆ ಮೇಲಿನ ಪಿಟಿಎಗಳ ಹಂಗಿಲ್ಲ.

ಆಮೇಲೆ ಈಗಿನ ಬೈಲಾದ ಪ್ರತಿ ತರಿಸಿ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಎಷ್ಟು, ತಿದ್ದುಪಡಿಗೆ ಎಷ್ಟು ದಿನದ ನೋಟಿಸು, ಯಾವ ಸಭಾ ನಿಯಮ ಅನ್ವಯ ಎಂದು ನೋಡಿ. ಸಾಮಾನ್ಯವಾಗಿ ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಎಂದಿರುತ್ತದೆ. ಸೇನೆಯ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಹೊರತಂದ ಪುಸ್ತಕ ಅದು. 12ನೇ ಆವೃತ್ತಿ 2020ರದು. ಬೈಲಾಕ್ಕೂ ಪುಸ್ತಕಕ್ಕೂ ತಾಳೆಯಾಗದಿದ್ದರೆ ಬೈಲಾದ ಮಾತೇ ಅಂತಿಮ. ತಿದ್ದುಪಡಿಯ ಬಗ್ಗೆ ಬೈಲಾ ಏನೂ ಹೇಳದಿದ್ದರೆ ಮುಂಚಿತ ನೋಟಿಸು ಮತ್ತು ಮೂರನೇ ಎರಡರಷ್ಟು ಮತ ಬೇಕು. ನೋಟಿಸು ಇಲ್ಲದೆ ಹೋದರೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು.

ನೋಟಿಸಿನಲ್ಲಿ ‘ಚಂದಾ ಬದಲಾವಣೆ’ ಎಂದಷ್ಟೇ ಬರೆದು ಕಳಿಸಬೇಡಿ. ಹಳೆಯ ಸಾಲು, ಹೊಸ ಸಾಲು, ಕಾರಣ ಮೂರನ್ನೂ ಪಕ್ಕಪಕ್ಕದಲ್ಲಿ ಇಡಿ. ಸಭೆಯಲ್ಲಿ ಎಷ್ಟರ ಮಟ್ಟಿಗೆ ಬದಲಿಸಬಹುದು ಎನ್ನುವುದನ್ನೂ ಈ ನೋಟಿಸೇ ಕಟ್ಟಿಹಾಕುತ್ತದೆ. ಚಂದಾ 10 ಡಾಲರಿನಿಂದ 15ಕ್ಕೆ ಏರಿಸುವ ನೋಟಿಸು ಹೋಗಿದೆ ಅನ್ನಿ. ಸಭೆಯಲ್ಲಿ ಯಾರೋ 12 ಸಾಕು ಅಂದರೆ ಆ ಸೂಚನೆ ನಡೆಯುತ್ತದೆ. 20 ಮಾಡೋಣ ಅಂದರೆ, ಕೂತವರೆಲ್ಲ ಕೈ ಎತ್ತಿದರೂ ನಡೆಯುವುದಿಲ್ಲ. ಬಾರದ ಸದಸ್ಯ 15ನ್ನು ನಂಬಿ ಮನೆಯಲ್ಲಿ ಉಳಿದಿದ್ದಾನೆ. ಅವನ ಬೆನ್ನ ಹಿಂದೆ 20 ಮಾಡುವಂತಿಲ್ಲ. ಇದು ಬಹಳ ನ್ಯಾಯವಾದ ನಿಯಮ. ಹೆಚ್ಚಿನ ಜಗಳಗಳೂ ಇದನ್ನು ಮರೆತಾಗಲೇ ಆಗುತ್ತವೆ.

ಸಭೆಯಲ್ಲಿ ‘ಐ ಮೂವ್ ದಟ್...’ (ನಾನು ಮಂಡಿಸುವುದೇನೆಂದರೆ) ಎಂದು ಶುರುಮಾಡಿ ನೋಟಿಸಿನ ಸಾಲನ್ನೇ ಓದಿ. ಇನ್ನೊಬ್ಬರು ‘ಸೆಕೆಂಡ್’, ಅಂದರೆ ಅನುಮೋದಿಸುತ್ತೇನೆ, ಅನ್ನಬೇಕು. ಇಬ್ಬರಿಗಿಂತ ಕಡಿಮೆಯಿಲ್ಲದ ಸಮಿತಿಯ ಪರವಾಗಿ ಮಂಡಿಸಿದರೆ ಅದೂ ಬೇಕಿಲ್ಲ. ಅಧ್ಯಕ್ಷರು ಠರಾವನ್ನು ಮತ್ತೆ ಓದಿದ ಮೇಲೆ ಚರ್ಚೆ. ನಡುವೆ ಯಾರೋ ‘ಕಾಲ್ ದ ಕ್ವೆಶ್ಚನ್’ (ಚರ್ಚೆ ಸಾಕು, ಮತಕ್ಕೆ ಹಾಕಿ) ಎಂದು ಕೂಗಿದ ಮಾತ್ರಕ್ಕೆ ಚರ್ಚೆ ಮುಗಿಯುವುದಿಲ್ಲ. ಅದಕ್ಕೂ ಅನುಮೋದಕರು, ಮೂರನೇ ಎರಡರಷ್ಟು ಮತ ಬೇಕು. ತಿದ್ದುಪಡಿಯ ಮತವನ್ನು ಎದ್ದು ನಿಲ್ಲಿಸಿ ಎಣಿಸಿ, ಕೂಗಿನ ಮೇಲೆ ಬಿಡಬೇಡಿ. 31 ಜನ ಬಂದು 4 ಜನ ತಟಸ್ಥರಾದರೆ ಲೆಕ್ಕ 27ರ ಮೇಲೆ: ಪರ 18, ವಿರೋಧ 9 ಬಂದರೆ ಪಾಸು. ತಟಸ್ಥರು ಕೋರಂಗೆ ಸೇರುತ್ತಾರೆ, ಮತಕ್ಕಲ್ಲ.

ಬೈಲಾದಲ್ಲೇ ಅವಕಾಶ ಇಲ್ಲದಿದ್ದರೆ ವಾಟ್ಸ್‌ಆ್ಯಪ್ ಗ್ರೂಪಿನ ಹೆಬ್ಬೆರಳು ಮತವಲ್ಲ. ಬಾರದ ಹೆಂಡತಿಯ ಅಥವಾ ಗಂಡನ ಪರವಾಗಿ ಕೈ ಎತ್ತುವುದೂ ಸಲ್ಲದು. ಮಕ್ಕಳನ್ನು ಮಲಗಿಸಬೇಕೆಂದು ಜನ ಎದ್ದುಹೋಗಿ ಕೋರಂ ಮುರಿದರೆ ಆಮೇಲೆ ಹಾಕಿದ ಮತಕ್ಕೆ ಬೆಲೆಯಿಲ್ಲ. ಆದ್ದರಿಂದ ಬೈಲಾ ವಿಷಯವನ್ನು ಅಜೆಂಡಾದಲ್ಲಿ ಮೇಲೆಯೇ ಇಡಿ.

ಪಾಸಾದ ತಿದ್ದುಪಡಿ ಅದೇ ಗಳಿಗೆಯಿಂದ ಜಾರಿ (ಪಿಟಿಎ ಆದರೆ ರಾಜ್ಯ ಪಿಟಿಎ ಒಪ್ಪಿಗೆ ಬಂದ ಮೇಲೆ), ಅದನ್ನು ಮರುಪರಿಶೀಲನೆಗೆ ತರುವಂತಿಲ್ಲ. ಖಜಾಂಚಿಯ ಅವಧಿ ಕಡಿತ ಮಾಡುವ ತಿದ್ದುಪಡಿಯಾದರೆ ಈಗಿನ ಖಜಾಂಚಿ ಕೂತಲ್ಲೇ ಮಾಜಿ ಆಗಬಹುದು, ಬ್ಯಾಂಕ್ ಚೆಕ್ಕಿಗೆ ಸಹಿ ಮಾಡುವವರೇ ಇರುವುದಿಲ್ಲ. ‘ಜುಲೈ 1ರಿಂದ ಜಾರಿ’ ಎಂಬ ಷರತ್ತನ್ನು ಮತ ಹಾಕುವ ಮೊದಲೇ ಠರಾವಿಗೆ ಸೇರಿಸಿ. ಮತದ ಎಣಿಕೆ, ಪೂರ್ಣ ಪಠ್ಯ ನಡಾವಳಿಯಲ್ಲಿ ಬರಲಿ. ಪಿಟಿಎ ಆದರೆ ಒಂದು ಪ್ರತಿ ರಾಜ್ಯ ಕಚೇರಿಗೆ ಹೋಗಬೇಕು.