ಡೈರಿ ಪಕ್ಕದ ಲೈಬ್ರರಿಯಲ್ಲಿ ನಡಾವಳಿ ಓದಿದ್ದು

ನಮ್ಮೂರಲ್ಲಿ ಬೆಳಿಗ್ಗೆ ಆರಕ್ಕೆ ಎಲ್ಲರೂ ಸೇರುವ ಜಾಗ ಅಂದರೆ ಹಾಲಿನ ಡೈರಿ. ಅರಸೀಕೆರೆ ಕಡೆಯ ಒಣ ಸೀಮೆ ನಮ್ಮದು. ತೆಂಗು, ರಾಗಿ, ಮನೆಗೆ ಒಂದೋ ಎರಡೋ ಹಸು. ನಾನು ಆ ಡೈರಿಯ ಸೆಕ್ರೆಟರಿ. ಡೈರಿ ಪಕ್ಕದಲ್ಲೇ ಹಿಂಡಿ, ಬೂಸಾ ಇಡುವ ಹಳೇ ಕೋಣೆ ಖಾಲಿ ಬಿದ್ದಿತ್ತು. 2016ರಲ್ಲಿ ಸಂಘದ ಮೀಟಿಂಗಿನಲ್ಲಿ ಕೇಳಿದೆ, ಕೊಟ್ಟರು. ಎಷ್ಟು ಸುಣ್ಣ ಹೊಡೆದರೂ ಮಳೆ ಬಂದರೆ ಇವತ್ತಿಗೂ ಒಳಗೆಲ್ಲ ಹಿಂಡಿ ವಾಸನೆ.

ಸರ್ಕಾರದ ಲೈಬ್ರರಿ ಪಂಚಾಯ್ತಿ ಇರುವ ಊರಲ್ಲಿದೆ. ನಮಗೆ ನಾಲ್ಕು ಕಿಲೋಮೀಟರ್. ಹಾಲು ಹಾಕಿ, ಸಗಣಿ ಬಾಚಿ, ಯಾರು ಹೋಗ್ತಾರೆ ಅಷ್ಟು ದೂರ? ಹಾಗಾಗಿ ನಾವು ಏಳು ಜನ ಸೇರಿ ನಮ್ಮದೇ ಒಂದು ಮಾಡಿದೆವು. ಮನೆಗೆ ತಿಂಗಳಿಗೆ ಹತ್ತು ರೂಪಾಯಿ. ಹಾಲಿನ ಬಟವಾಡೆ ದಿನವೇ ವಸೂಲಿ, ಇಲ್ಲದಿದ್ದರೆ ಬರುವುದಿಲ್ಲ ಅಂತ ನನಗೆ ಗೊತ್ತು.

ಹತ್ತು ರೂಪಾಯಿ ಕೇಳಿದಾಗ ಒಬ್ಬರು ರೇಗಿದರು. ಆಗ ಅವರ ಮನೆ ಕಂದಾಯದ ರಸೀದಿಯನ್ನೇ ತರಿಸಿ ತೋರಿಸಿದೆ. ಕಂದಾಯದ ಜೊತೆಗೆ ಗ್ರಂಥಾಲಯ ಕರ ನೂರಕ್ಕೆ ಆರು. 1965ರ ಗ್ರಂಥಾಲಯ ಕಾನೂನಿನಿಂದ ಬಂದ ಕರ ಅದು. "ಅಂದ್ರೆ ಇಷ್ಟು ವರ್ಷ ಓದದೆ ದುಡ್ಡು ಕಟ್ಟಿದೀನಾ?" ಅಂದರು. ರಸೀದಿಯಲ್ಲಿ ಭಿಕ್ಷುಕರ ಕರವೂ ಇದೆ, ಅದು ನೂರಕ್ಕೆ ಮೂರು. ಅದನ್ನು ನೋಡಿ ಡೈರಿಯಲ್ಲಿದ್ದವರೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಮಾರನೇ ದಿನ ಐದಾರು ಜನ ತಮ್ಮ ತಮ್ಮ ರಸೀದಿ ಹಿಡಿದು ಬಂದರು, ಓದಿ ಹೇಳು ಅಂತ.

ಮೊದಲ ವರ್ಷ ಮಾಡಿದ ದಡ್ಡತನವನ್ನೂ ಹೇಳಿಬಿಡುತ್ತೇನೆ. ಪುಸ್ತಕ ಕಳೆದುಹೋಗುತ್ತವೆ ಅಂತ ಬೀರುವಿಗೆ ಬೀಗ ಹಾಕಿದ್ದೆವು. ಬೀಗದ ಕೈ ನನ್ನ ಸೊಂಟದಲ್ಲಿ. ಪುಸ್ತಕ ಒಂದೂ ಕಳೆಯಲಿಲ್ಲ, ಒಂದನ್ನೂ ಯಾರೂ ಓದಲೂ ಇಲ್ಲ. ಬಂದವರು ಪೇಪರ್ ತಿರುವಿ, ಹಾಲಿನ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದರು. ಬೀಗ ತೆಗೆದ ಮೇಲೆ ಒಂದಿಷ್ಟು ಪುಸ್ತಕ ಹೋದವು. ಹೋಗಲಿ ಬಿಡಿ.

ಇನ್ನೊಂದು ತಪ್ಪು ದೊಡ್ಡದು. ದಲಿತರ ಕಾಲೊನಿಯಿಂದ ಒಬ್ಬರೂ ಲೈಬ್ರರಿಗೆ ಬರುತ್ತಿಲ್ಲ ಅನ್ನುವುದು ವರ್ಷಪೂರ್ತಿ ನಮ್ಮ ಏಳು ಜನರಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡೈರಿ ಇರುವುದು ಮೇಲಿನ ಬೀದಿಯಲ್ಲಿ. ಅಲ್ಲಿ ಬಂದು ಜಗುಲಿ ಮೇಲೆ ಕೂತು ಪೇಪರ್ ಓದುವುದು ಯಾರಿಗೆ ಸಲೀಸು, ಯಾರಿಗೆ ಅಲ್ಲ ಅಂತ ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದರ ಬಗ್ಗೆ ಯೋಚನೆ ಮಾಡಿರಲಿಲ್ಲ, ಅಷ್ಟೇ. ಆಮೇಲೆ ಭಾನುವಾರದ ಓದನ್ನು ಒಂದು ವಾರ ಡೈರಿ ಪಕ್ಕ, ಒಂದು ವಾರ ಕಾಲೊನಿಯ ಸಮುದಾಯ ಭವನದಲ್ಲಿ ಇಟ್ಟೆವು. ಕಮಿಟಿಗೆ ಅಲ್ಲಿಂದ ಮೂರು ಜನ ಬಂದರು. ನಮ್ಮ ಏಳರಲ್ಲಿ ಇಬ್ಬರು ಇದೇ ಸಿಟ್ಟಿಗೆ ಬಿಟ್ಟುಹೋದರು.

ಭಾನುವಾರದ ಓದು ಅಂದರೆ ಯಾರಾದರೂ ಒಬ್ಬರು ಪೇಪರ್ ಗಟ್ಟಿಯಾಗಿ ಓದುವುದು. ಓದು ಬಾರದವರು ಜಾಸ್ತಿ ಇರುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿ ಕೇಳಿತು: "ದಿಲ್ಲಿದು ಓದ್ತೀಯ, ಬೆಂಗ್ಳೂರ್ದು ಓದ್ತೀಯ. ಮೊನ್ನೆ ಗ್ರಾಮಸಭೇಲಿ ನಾನು ನೀರಿನ ವಿಷ್ಯ ಹೇಳಿದ್ನಲ್ಲ, ಅದನ್ನ ಏನಂತ ಬರ್ಕಂಡವ್ರೆ ಓದಪ್ಪ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಮಾತು ನನಗೆ ನಾಟಿದ್ದು ಡೈರಿಯ ಕಾರಣಕ್ಕೆ. ನಮ್ಮ ಜನ ಹಾಲಿನ ಚೀಟಿಯಲ್ಲಿ, ದರ ಕಟ್ಟುವ ಫ್ಯಾಟ್ 4.1ರ ಬದಲು 3.9 ಬಂದಿದ್ದರೆ ನನ್ನ ಕೊರಳಪಟ್ಟಿ ಹಿಡಿಯುತ್ತಾರೆ. ಅಕ್ಷರ ಬಾರದವರೂ ಅಂಕಿ ನೋಡದೆ ಹೋಗುವುದಿಲ್ಲ. ಅದೇ ಜನ ಗ್ರಾಮಸಭೆಯಲ್ಲಿ ಸಭೆ ಶುರುವಾಗುವ ಮೊದಲೇ ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಒತ್ತಿ ಬರುತ್ತಾರೆ. 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ನಡೆಯುತ್ತಿತ್ತು. ಅಲ್ಲಿ ಬರೆದದ್ದೇನು ಅಂತ ಮಾತ್ರ ಯಾರೂ ನೋಡಿರಲಿಲ್ಲ.

ನಡಾವಳಿ, ಅಂದರೆ ಸಭೆಯಲ್ಲಿ ನಡೆದದ್ದನ್ನು ಬರೆದಿಟ್ಟ ದಾಖಲೆ. ಅದರ ನಕಲು ಕೇಳಿದರೆ ಪಂಚಾಯ್ತಿ ಆಫೀಸಿನಲ್ಲಿ "ನಾಳೆ ಬನ್ನಿ". ನಾಲ್ಕು ಸಲ ಹೋದೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಮೊದಲ ಅರ್ಜಿ ಎರಡು ಪುಟದ ಪ್ರಬಂಧವಾಗಿತ್ತು. ಊರಿನ ಕಷ್ಟವೆಲ್ಲ ತೋಡಿಕೊಂಡಿದ್ದೆ. ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕಂತೆ. ಎರಡನೇ ಅರ್ಜಿ ನಾಲ್ಕು ಸಾಲು: ಇಂಥ ದಿನದ ಗ್ರಾಮಸಭೆಯ ನಡಾವಳಿ, ಹಾಜರಾತಿ ಸಮೇತ, ದೃಢೀಕೃತ ನಕಲು. ಜೊತೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನದ ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು. ಹನ್ನೊಂದು ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 22 ರೂಪಾಯಿ ಕಟ್ಟಿ ತಂದೆ.

ಆ ಭಾನುವಾರ ಕೋಣೆ ಸಾಲದೆ ಜನ ಹೊರಗೆ ನಿಂತಿದ್ದರು. ಓದುತ್ತಾ ಹೋದೆ. ಮೊದಮೊದಲು ನಗು. ಸಭೆ ದಿನ ತಿಪಟೂರು ಸಂತೆಯಲ್ಲಿದ್ದವರ ಸಹಿಯೂ ಅಲ್ಲಿತ್ತು. "ನನ್ನ ಸಹಿ ನನಗಿಂತ ಚೆನ್ನಾಗಿ ಹಾಕವ್ರೆ ಬಿಡು" ಅಂದರು ಒಬ್ಬರು. ಆಮೇಲೆ ನಗು ನಿಂತಿತು. ಅಜ್ಜಿಯ ನೀರಿನ ಮಾತು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ. ಯಾರೂ ಕೇಳದ ಒಂದು ಚರಂಡಿ ಇತ್ತು.

ಅವತ್ತು ಕೆಲವರು ಆಫೀಸಿಗೆ ನುಗ್ಗೋಣ ಅಂದರು. ಬೇಡ ಅಂದೆ. ಜಗಳ ಮಾಡಿದರೆ ನಮಗೆ ಒಂದು ದಿನದ ಖುಷಿ ಅಷ್ಟೇ ಅನ್ನುವುದು ನನ್ನ ಲೆಕ್ಕ. ಬದಲಿಗೆ ಎರಡು ಕೆಲಸ ಮಾಡಿದೆವು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಗ್ರಾಮಸಭೆಯಲ್ಲಿ ಯಾರು ಏನು ಕೇಳಿದರು, ಏನು ಉತ್ತರ ಬಂತು ಅಂತ ನಾವೇ ಬರೆಯಲು ಶುರು ಮಾಡಿದೆವು. ಎರಡನೆಯದು, ನಡಾವಳಿ ಓದಿ ಹೇಳಿದ ಮೇಲೆಯೇ ಸಹಿ ಅಂತ ಮೊದಲೇ ಮಾತಾಡಿಕೊಂಡೆವು. ಮುಂದಿನ ಸಭೆಯಲ್ಲಿ ರಿಜಿಸ್ಟರ್ ಹಿಡಿದು ಬಂದವರಿಗೆ ಎಲ್ಲರೂ ಅದನ್ನೇ ಹೇಳಿದರು. ಅವರು ತಬ್ಬಿಬ್ಬಾದರು. ಸಭೆ ನೋಡಿಕೊಳ್ಳಲು ನೋಡಲ್ ಅಧಿಕಾರಿಯಾಗಿ ಬಂದಿದ್ದವರು ಬೇರೆ ಇಲಾಖೆಯವರು, ಒಳ್ಳೆಯವರು. "ಕೇಳ್ತಿರೋದು ಸರಿಯಾಗೇ ಇದೆ, ಓದಿ" ಅಂದರು. ಮೂರು ಕಡೆ ತಿದ್ದಿಸಿದೆವು. ನೀರಿನ ವಿಷಯವೂ ಸೇರಿತು. ನೀರು ಬರಲು ಇನ್ನೂ ಒಂದೂವರೆ ವರ್ಷ ಹಿಡಿಯಿತು, ಅದು ಬೇರೆ ಮಾತು.

ಇದಾದ ಮೇಲೆ ಅರ್ಜಿ ಬರೆಸಿಕೊಳ್ಳುವವರು ಜಾಸ್ತಿಯಾದರು. ಪಿಂಚಣಿ, ಖಾತೆ ಬದಲಾವಣೆ, ರೇಷನ್ ಕಾರ್ಡು. ಆಗ ನರೇಗಾದಲ್ಲಿ ಕೆಲಸ ಬೇಕೆಂದರೆ ನಮೂನೆ 6 ತುಂಬಿ ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ತೆಗೆದುಕೊಳ್ಳಬೇಕಿತ್ತು. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಅರ್ಜಿ ಎಲ್ಲರೂ ಕೊಡುತ್ತಿದ್ದರು, ಸ್ವೀಕೃತಿ ಯಾರೂ ಕೇಳುತ್ತಿರಲಿಲ್ಲ. "ಚೀಟಿ ಇಲ್ದೆ ಹಾಲು ಹಾಕ್ತೀರಾ?" ಅಂತ ನಾನು ಕೇಳುತ್ತಿದ್ದೆ. ಅಷ್ಟು ಹೇಳಿದರೆ ಸಾಕು, ಅರ್ಥ ಆಗುತ್ತಿತ್ತು.

2020ರ ಡಿಸೆಂಬರಿನ ಪಂಚಾಯ್ತಿ ಚುನಾವಣೆಯಲ್ಲಿ ನಮ್ಮ ಕೋಣೆಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಒಬ್ಬರು ಹೆಸರು ಬರೆಸಿ ಬೀರು ಕೊಡುತ್ತೇನೆ ಅಂದರು. ಇನ್ನೊಬ್ಬರು ಬಣ್ಣ ಹೊಡೆಸುತ್ತೇನೆ ಅಂದರು. ನಿಜ ಹೇಳಬೇಕೆಂದರೆ ಬೀರು ನೋಡಿ ನನಗೂ ಆಸೆ ಆಯಿತು. ಕಮಿಟಿಯ ಹೆಂಗಸರು ಒಪ್ಪಲಿಲ್ಲ. ಬದಲಿಗೆ ವಾರ್ಡಿನ ಐದೂ ಅಭ್ಯರ್ಥಿಗಳನ್ನು ಒಂದು ಸಂಜೆ ಕರೆದು, ನಮ್ಮ ನೋಟ್‌ಬುಕ್ಕಿನಿಂದಲೇ ನಾಲ್ಕು ಪ್ರಶ್ನೆ ಕೇಳಿದರು. ಇಬ್ಬರು ಬಂದರು. ಬಾರದ ಮೂವರಲ್ಲಿ ಒಬ್ಬರು ಗೆದ್ದರು! ಗೆದ್ದವರು ಆರು ತಿಂಗಳು ಲೈಬ್ರರಿ ಕಡೆ ತಲೆ ಹಾಕಲಿಲ್ಲ.

ಈ ನಡುವೆ 2019ರಲ್ಲಿ ಪಂಚಾಯ್ತಿ ಲೈಬ್ರರಿಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದಿದ್ದವು. 'ಓದುವ ಬೆಳಕು' ಅನ್ನುವ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಪಂಚಾಯ್ತಿ ಲೈಬ್ರರಿಗೆ ಅರಿವು ಕೇಂದ್ರ ಅನ್ನುತ್ತಾರೆ. ಅಲ್ಲಿನ ಮೇಲ್ವಿಚಾರಕರು ತಿಂಗಳಿಗೊಂದು ಚೀಲ ಪುಸ್ತಕ ನಮಗೆ ಕೊಡುತ್ತಾರೆ. ಅದು ಒಳ್ಳೆಯದೇ. ಆದರೆ ಪಂಚಾಯ್ತಿಯ ಕೈಕೆಳಗೆ ಕೆಲಸ ಮಾಡುವವರು ಅದೇ ಪಂಚಾಯ್ತಿಯ ನಡಾವಳಿಯನ್ನು ಜನರ ಮುಂದೆ ಓದಿ ಲೆಕ್ಕ ಕೇಳುವುದು ಕಷ್ಟ. ಅದಕ್ಕೇ ಹಿಂಡಿ ವಾಸನೆಯ ಕೋಣೆಯನ್ನು ನಾವು ಬಿಟ್ಟುಕೊಟ್ಟಿಲ್ಲ.

ಬೇರೆಯವರ ಲೆಕ್ಕ ಕೇಳುವವರು ನಮ್ಮ ಲೆಕ್ಕ ತೋರಿಸಬೇಕಲ್ವಾ? ತಿಂಗಳ ಜಮಾ ಖರ್ಚು ಬಾಗಿಲ ಪಕ್ಕದ ಹಲಗೆಯಲ್ಲಿ ಬರೆಯುತ್ತೇವೆ. ಹೋದ ವರ್ಷ ಅದರಲ್ಲಿ 140 ರೂಪಾಯಿ ತಾಳೆಯಾಗಲಿಲ್ಲ. ಕಂಡುಹಿಡಿದಿದ್ದು ಒಂಬತ್ತನೇ ಕ್ಲಾಸಿನ ಹುಡುಗಿ. ಪೇಪರಿನವನಿಗೆ ಎರಡು ಸಲ ಕೊಟ್ಟಿದ್ದೆ. ಎಲ್ಲರ ಮುಂದೆ ಬೈಸಿಕೊಂಡೆ. ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ನೋಟ್‌ಬುಕ್ ಅವಳ ಕೈಗೆ ಹೋಯಿತು. ನಾಲ್ಕನೇ ನೋಟ್‌ಬುಕ್ ಅದು. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಗ್ರಾಮಸಭೆಯಲ್ಲಿ ಯಾರಾದರೂ ಬೇಗ ಬೇಗ ಮಾತಾಡಿದರೆ, "ಸ್ವಲ್ಪ ನಿಧಾನ ಸರ್, ಬರ್ಕೊಳ್ತಿದೀನಿ" ಅನ್ನುತ್ತಾಳೆ. ಅಧ್ಯಕ್ಷರೂ ನಿಲ್ಲಿಸಿ ಕಾಯುತ್ತಾರೆ.