ಕ್ಯಾಂಪರ್ ವ್ಯಾನಿನ ಹಿಂದೆ ಸೈಕಲ್ ಕಟ್ಟುವ ಮುನ್ನ

ವ್ಯಾನಿನ ಹಿಂಬದಿಗೆ ರ‍್ಯಾಕ್ ಹಾಕಿಸುವವರು ಮೊದಲು ಕೇಳುವುದು ‘ಎಷ್ಟು ಸೈಕಲ್ ಹಿಡಿಯುತ್ತದೆ?’ ಎಂದು. ಕೇಳಬೇಕಾದದ್ದು ‘ಎಷ್ಟು ಕಿಲೋ ತಡೆಯುತ್ತದೆ?’ ಎಂದು. ಹಿಂದಿನ ಚಕ್ರಗಳಿಂದಾಚೆ ತೂಗುವ ಭಾರ ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ (ಚಕ್ರಗಳ ಅಚ್ಚುಗಳ) ನಡುವೆ 3 ಮೀಟರ್ ಅಂತರವಿದ್ದು, ರ‍್ಯಾಕ್ ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದಿದೆ ಎನ್ನಿ. ನೀವು ಹೇರಿದ್ದು 60 ಕಿಲೋ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 90 ಕಿಲೋ! ಮುಂದಿನ ಚಕ್ರಗಳು 30 ಕಿಲೋ ಹಗುರವಾಗುತ್ತವೆ. ಒದ್ದೆ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿತ ತಪ್ಪಿದಂತೆ ಅನ್ನಿಸುವುದು ಇದರಿಂದಲೇ.

ಆದ್ದರಿಂದ ಭಾರದ ಸೈಕಲ್ ವ್ಯಾನಿಗೆ ಅಂಟಿದಂತೆ ಒಳಬದಿಗಿರಲಿ, ಹಗುರವಾದದ್ದು ಹೊರಗೆ. ವಿದ್ಯುತ್ ಸೈಕಲ್ಲಾದರೆ ಬ್ಯಾಟರಿ ಕಳಚಿ ವ್ಯಾನಿನೊಳಗೆ ಇಡಿ. ನೀರಿನ ಕ್ಯಾನು, ಉಪಕರಣಗಳ ಪೆಟ್ಟಿಗೆಯನ್ನು ರ‍್ಯಾಕಿಗೆ ಏರಿಸುವ ಆಸೆ ಬೇಡ. ಅಲ್ಲಿಗೆ ಮಡಚುವ ಕುರ್ಚಿಯಂಥ ಹಗುರ ಸಾಮಾನು ಸಾಕು.

ಇನ್ನೊಂದು, ಹೊಗೆ ಕೊಳವೆ ಎತ್ತ ಮುಖ ಮಾಡಿದೆ ನೋಡಿಕೊಳ್ಳಿ. ನನ್ನ ಸೈಕಲ್ಲಿನ ಟೈರು ಸರಿಯಾಗಿ ಅದರ ಎದುರಿಗಿತ್ತು. ಇಳಿಸಿದಾಗ ಅಂಗೈಯಗಲದ ರಬ್ಬರು ಬೆಂದು ಗುಳ್ಳೆ ಎದ್ದಿತ್ತು.

ಸೈಕಲ್ ಬಿಗಿದ ಪಟ್ಟಿಯ ಉಳಿದ ತುದಿಯನ್ನು ಗಂಟು ಹಾಕಿ, ಇಲ್ಲವಾದರೆ ದಾರಿಯುದ್ದಕ್ಕೂ ಪಟಪಟ ಬಡಿದು ಬಣ್ಣ ಕೆರೆಯುತ್ತದೆ. ನಂಬರ್ ಪ್ಲೇಟ್, ಹಿಂದಿನ ದೀಪಗಳು ಮುಚ್ಚದಿರಲಿ. ಹೊರಟ ಅರ್ಧ ಗಂಟೆಗೆ ಒಮ್ಮೆ ನಿಲ್ಲಿಸಿ, ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ನನಗಂತೂ ಪ್ರತಿ ಸಲವೂ ಒಂದಾದರೂ ಸಡಿಲವಾಗಿ ಸಿಕ್ಕಿದೆ.